ಹದ, ಇಂದ್ರಿಯ ಮತ್ತು ಕಾಯಕ

॥ ಶ್ರೀ ಗುರುಬಸವಲಿಂಗಾಯ ನಮಃ ॥

 

ಮನುಷ್ಯನಿಗೆ ಹೊರಗಿನ ಜಗತ್ತಿನ ಅರಿವು ಹೇಗೆ ಉಂಟಾಗುವದೆಂಬ ಪ್ರಶ್ನೆಯು ಬಹು ಪ್ರಾಚೀನವಾದದ್ದು. ನೈಯಾಯಿಕರು ಪ್ರತ್ಯಕ್ಷವನ್ನು ಪ್ರಮಾಣಗಳಲ್ಲಿ ಮೊದಲಿನದೆಂದು ಎಣಿಸಿ, ಅದರಲ್ಲಿ ನಿರ್ವಿಕಲ್ಪಕ, ಸವಿಕಲ್ಪಕವೆಂಬ ಭೇದಗಳನ್ನು ಮಾಡಿದರು. ಮಾಯಾವಾದಿಗಳು ಹಗ್ಗದಲ್ಲಿ ಹಾವನ್ನು ಕಾಣುವ ದೃಷ್ಟಾಂತವನ್ನು ಮುಂದೆ ಮಾಡಿ, ಇಂದ್ರಿಯಗಳನ್ನು ನಂಬಲಾಗದೆಂದರು. ಇದೇ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅಮೇರಿಕಾ ದೇಶದ ಮನಶ್ಶಾಸ್ತ್ರಜ್ಞರೊಬ್ಬರು ಹೊಸ ದಾರಿಯಿಂದ ಎತ್ತಿಕೊಂಡರು. ಆ ದಾರಿಯನ್ನು ತಿಳಿಯುವದಕ್ಕೆ ದೂರ ಹೋಗಬೇಕಾದದ್ದಿಲ್ಲ. ಸುರಪುರ ತಾಲೂಕಿನ ಈ ಕಕ್ಕೇರಾ ಸೀಮೆಯ ಎರಿಹೊಲದ ಬದುವಿನ ಮೇಲೆ ನಿಂತರೆ ಸಾಕು.

ಉತ್ತರೆ, ಹಸ್ತೆಯ ಮಳೆ ಬಿದ್ದು ಎರಡು ದಿವಸ ಹೊಳವಾದ ಮೇಲೆ ಒಕ್ಕಲಿಗನು ಹಿಂಗಾರಿ ಜೋಳದ ಬಿತ್ತನೆಗೆ ಹೊಲವನ್ನು ನೋಡಲು ಹೋಗುವನು. ಬದುವಿನ ಮೇಲೆ ನಿಂತು ನೋಡಿದಷ್ಟಕ್ಕೆ ಅವನ ನೋಟವು ಮುಗಿಯದು. ಹೊಲದೊಳಗೆ ಕಾಲಿಟ್ಟು ನಡೆಯುವನು. ಹಿಮ್ಮಡಿಯಿಂದ ಒತ್ತಿ ನೋಡುವನು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ ಹೆಬ್ಬೆರಳಿನಿಂದ ಅದುಮುವನು. ಜೊತೆಗೆ ಬಂದ ಮಗನ ಕೈಗೂ ಒಂದು ಹಿಡಿಯನ್ನು ಕೊಟ್ಟು, "ಹದ ಬಂದೈತೇನು ನೋಡು, ತಮ್ಮಾ" ಅನ್ನುವನು. "ಇನ್ನೂ ಅಂಟತೈತಿ, ಅಪ್ಪಾ" ಎಂದು ಮಗನು ಉತ್ತರ ಕೊಡುವನು. ಮಣ್ಣು ಅಂಟಿದರೆ ಕೂರಿಗೆಯ ತಾಳುಗಳಿಗೆ ಮೆತ್ತಿಕೊಳ್ಳುವದು; ಆರಿ ಹೋದರೆ ಹೆಂಟೆ ಕಟ್ಟಿ ಬೀಜವು ಹುಟ್ಟದು. ಇವೆರಡರ ನಡುವಣ ಸ್ವಲ್ಪ ಕಾಲವೇ ಹದ. ಅದು ತಪ್ಪಿದರೆ ವರ್ಷದ ಅನ್ನವೇ ತಪ್ಪಿತು.

ಈಗ ವಿಚಾರಿಸಬೇಕಾದದ್ದೇನೆಂದರೆ, ಈ ಹದವು ಎಲ್ಲಿರುವದು? ಮಣ್ಣಿನಲ್ಲಿಯೇ ಇರುವದೆನ್ನೋಣವೆಂದರೆ, ಬಿತ್ತನೆಗೆ ಹದವಾದ ಮಣ್ಣು ಗೋಡೆ ಕಟ್ಟುವವನಿಗೆ ಹದವಲ್ಲ. ಮಸಾರಿಯ ಹದವು ಎರಿಯ ಹದವಲ್ಲ. ಒಕ್ಕಲಿಗನ ಮನಸ್ಸಿನಲ್ಲಿರುವದೆನ್ನೋಣವೆಂದರೆ, ಅವನು ಎಷ್ಟು ಆಶಿಸಿದರೂ ಕೆಸರು ಹದವಾಗದು. ಆದುದರಿಂದ ಹದವು ಮಣ್ಣಿಗೂ, ಎತ್ತು ಕೂರಿಗೆಗಳಿಗೂ, ಬೀಜಕ್ಕೂ, ಬಿತ್ತುವವನ ಕೈಗೂ ಇರುವ ಸಂಬಂಧದಲ್ಲಿರುವದು. ಅದು ಕಲ್ಪನೆಯಲ್ಲ, ನಿಜವಾದ ವಸ್ತುಧರ್ಮ; ಆದರೆ ಮಾಡುವವನನ್ನು ಬಿಟ್ಟು ಅದನ್ನು ಹೇಳಲು ಬಾರದು.

ಇದೇ ತತ್ತ್ವವನ್ನು ಜೇಮ್ಸ್ ಗಿಬ್ಸನ್ ಎಂಬವರು ಶಾಸ್ತ್ರವಾಗಿ ಕಟ್ಟಿದರು. 1904ರಲ್ಲಿ ಜನಿಸಿದ ಇವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, 1979ರಲ್ಲಿ ತೀರಿಕೊಂಡರು. ಅದೇ ವರ್ಷ ಹೊರಬಂದ ಅವರ ಕಡೆಯ ಗ್ರಂಥದಲ್ಲಿ ದೃಷ್ಟಿಯನ್ನು ಪ್ರಾಣಿ ಮತ್ತು ಪರಿಸರಗಳ ಜೋಡಿಯಿಂದಲೇ ವಿಚಾರಿಸತಕ್ಕದ್ದೆಂಬ ಸಿದ್ಧಾಂತವು ಪೂರ್ಣರೂಪವನ್ನು ಹೊಂದಿತು. ಪರಿಸರವು ಪ್ರಾಣಿಗೆ ಒದಗಿಸಿಕೊಡುವ ಕ್ರಿಯಾಸಾಧ್ಯತೆಗೆ ಅವರು 'ಅಫೋರ್ಡೆನ್ಸ್' ಎಂಬ ಹೊಸ ಹೆಸರನ್ನಿಟ್ಟರು. ಕನ್ನಡದಲ್ಲಿ ಅದನ್ನು 'ಒದಗು' ಎನ್ನಬಹುದು. ನೆಲವು ನಡೆಯಲು ಒದಗುವದು, ಕಟ್ಟೆಯು ಕುಳ್ಳಿರಲು ಒದಗುವದು, ಮುಷ್ಟಿಗೆ ಅಳವಟ್ಟ ಕಲ್ಲು ಎಸೆಯಲು ಒದಗುವದು. ಒಕ್ಕಲಿಗನ ಹದವು ಇಂತಹ ಒದಗುಗಳಲ್ಲಿ ಒಂದು.

ಗಿಬ್ಸನ್ನರ ಎರಡನೆಯ ಮಾತು ಇದಕ್ಕಿಂತಲೂ ಮಹತ್ವದ್ದು. ಕಣ್ಣು ಚಿತ್ರ ಹಿಡಿಯುವ ಪೆಟ್ಟಿಗೆಯಲ್ಲ, ನೋಡುವದೆಂದರೆ ಚಲಿಸುವದು. ಎರಡನೆಯ ಮಹಾಯುದ್ಧದಲ್ಲಿ ಅಮೇರಿಕಾದ ವಾಯುಸೈನ್ಯದ ಸಲುವಾಗಿ ವಿಮಾನ ಚಾಲಕರ ದೃಷ್ಟಿಯನ್ನು ಪರೀಕ್ಷಿಸುವಾಗ ಅವರಿಗೆ ಇದು ಹೊಳೆಯಿತು. ವಿಮಾನವು ನೆಲಕ್ಕಿಳಿಯುವಾಗ ಚಾಲಕನ ಕಣ್ಣಿಗೆ ಸಮಸ್ತ ಭೂಮಿಯೂ ಒಂದು ಬಿಂದುವಿನಿಂದ ಹೊರಮುಖವಾಗಿ ಹರಿದಂತೆ ತೋರುವದು. ಹರಿಯದೆ ನಿಂತ ಆ ಬಿಂದುವೇ ಅವನು ಸೇರತಕ್ಕ ಸ್ಥಳ. ಕೃಷ್ಣಾ ನದಿಯಲ್ಲಿ ಹರಿಗೋಲು ಹಾಕುವವನು ವಿಮಾನವನ್ನು ನಡೆಯಿಸದಿದ್ದರೂ ಇದಕ್ಕೆ ಸಮೀಪವಾದ ಮರ್ಮವನ್ನು ಬಲ್ಲನು. ಆಚೆಯ ದಡದ ಮರವೂ ಅದರ ಹಿಂದಿನ ಗುಡ್ಡವೂ ಒಂದಕ್ಕೊಂದು ಸರಿಯದೆ ನಿಂತರೆ ದಾರಿ ನೆಟ್ಟಗಿರುವದು. ಮರವು ಗುಡ್ಡಕ್ಕಿಂತ ಮೇಲ್ಹೊಳೆಯ ಕಡೆಗೆ ಸರಿದಂತೆ ಕಂಡರೆ ಹರಿಗೋಲು ಕೆಳಕ್ಕೆ ತೇಲುತ್ತಿರುವದು. ಇಲ್ಲಿ ಲೆಕ್ಕವಿಲ್ಲ, ತರ್ಕವಿಲ್ಲ. ಚಲನೆಯೇ ಅರಿವನ್ನು ಕೊಡುವದು.

ಇದು ಕೇವಲ ವಾದವಲ್ಲ, ಪ್ರಯೋಗಗಳುಂಟು. ಗಿಬ್ಸನ್ನರ ಪತ್ನಿಯವರಾದ ಎಲಿನರ್ ಗಿಬ್ಸನ್ ಅವರು ರಿಚರ್ಡ್ ವಾಕ್ ಎಂಬವರೊಡನೆ ಕೂಡಿ, ಅರ್ಧಭಾಗದ ಕೆಳಗೆ ಆಳವಾದ ಕಮರಿಯಿದ್ದಂತೆ ಕಾಣುವ ಗಾಜಿನ ಮೇಜನ್ನು ಮಾಡಿಸಿ, ಅಂಬೆಗಾಲಿಡುವ 36 ಕೂಸುಗಳನ್ನು ಅದರ ನಡುವೆ ಬಿಟ್ಟು, ತಾಯಂದಿರಿಂದ ಕರೆಯಿಸಿ ನೋಡಿದರು. 1960ರಲ್ಲಿ ಫಲವನ್ನು ಪ್ರಕಟಿಸಿದರು. ನಡುವಿನ ಹಲಗೆಯಿಂದ ಮುಂದೆ ಸಾಗಿದ 27 ಕೂಸುಗಳಲ್ಲಿ ಕಮರಿಯ ಕಡೆಗೆ ಹೋದವು 3 ಮಾತ್ರ. 1984ರಲ್ಲಿ ವಿಲಿಯಂ ವಾರನ್ ಎಂಬವರು, ಎಷ್ಟು ಎತ್ತರದ ಮೆಟ್ಟಿಲನ್ನು ಕೈಯೂರದೆ ಹತ್ತಬಹುದೆಂದು ಜನರು ಕಣ್ಣಿನಿಂದಲೇ ನಿಶ್ಚಯಿಸುವದನ್ನು ಅಳೆದರು. ಕುಳ್ಳರಿಗೂ ಎತ್ತರದವರಿಗೂ ಮೆಟ್ಟಿಲಿನ ಅಳತೆಯು ಬೇರೆಯಾದರೂ, ಅವರವರ ಕಾಲಿನ ಉದ್ದಕ್ಕೆ ಹೋಲಿಸಿದಾಗ ಇಬ್ಬರಿಗೂ ಅದು ನೂರಕ್ಕೆ ಸುಮಾರು 88 ಆಗಿತ್ತು. ಕಣ್ಣು ಜಗತ್ತನ್ನು ಗಜಕೋಲಿನಿಂದಲ್ಲ, ತನ್ನ ದೇಹದಿಂದಲೇ ಅಳೆಯುವದೆಂಬುದು ಇದರಿಂದ ಸಿದ್ಧವಾಯಿತು.

ಕ್ಯಾರೆನ್ ಅಡಾಲ್ಫ್ ಎಂಬ ವಿದುಷಿಯು 2000ದಲ್ಲಿ ಪ್ರಕಟಿಸಿದ ಪ್ರಯೋಗವು ಇನ್ನೂ ವಿಚಾರಾರ್ಹವಾದದ್ದು. ಒಂಬತ್ತೂವರೆ ತಿಂಗಳಿನ ಕೂಸುಗಳು ಕುಳಿತಿದ್ದಾಗ ತಮ್ಮ ನಿಲುಕಿಗೆ ಮೀರಿದ ಅಗಲವಾದ ಸಂದಿಯನ್ನು ಗುರುತಿಸಿ ಹಿಂಜರಿದವು. ಅವೇ ಕೂಸುಗಳು ಹೊಸದಾಗಿ ಕಲಿತ ಅಂಬೆಗಾಲಿನಲ್ಲಿ ಅದೇ ಸಂದಿಯೊಳಗೆ ಮುಗ್ಗರಿಸಿದವು. ಕುಳಿತು ಕಲಿತ ಅರಿವು ಅಂಬೆಗಾಲಿಗೆ ಒದಗಲಿಲ್ಲ. ಮಾಡಿದ ಕೆಲಸದ ಅರಿವು ಆ ಕೆಲಸದಲ್ಲಿಯೇ ಬೆಳೆಯುವದು.

ಇಷ್ಟಾದ ಮೇಲೆ ಹಗ್ಗದ ಹಾವಿಗೆ ಬರೋಣ. ದೃಷ್ಟಾಂತದಲ್ಲಿ ನೋಡುವವನು ಮಸಕು ಬೆಳಕಿನಲ್ಲಿ, ದೂರದಲ್ಲಿ, ಅಂಜಿ ನಿಂತಲ್ಲಿಯೇ ನಿಂತಿರುವನು. ಅವನು ದೀಪವನ್ನು ತಂದು, ಎರಡು ಹೆಜ್ಜೆ ಮುಂದಿಟ್ಟು, ಕೋಲಿನಿಂದ ಮುಟ್ಟಿ ನೋಡಲಿ. ಹಾವು ಹೋಗಿ ಹಗ್ಗವು ಉಳಿಯುವದು. ಭ್ರಾಂತಿಯನ್ನು ಕಳೆದದ್ದು ಯಾವದು? ಅದೇ ಕಣ್ಣು, ಅದೇ ಕೈ. ತಪ್ಪು ಇಂದ್ರಿಯದ್ದಲ್ಲ, ಅರ್ಧಕ್ಕೆ ನಿಲ್ಲಿಸಿದ ಕ್ರಿಯೆಯದು ಎಂದು ಗಿಬ್ಸನ್ನರ ಪಕ್ಷದವರು ಉತ್ತರ ಹೇಳುವರು.

ಆದರೆ ಪೂರ್ವಪಕ್ಷವನ್ನು ಮರೆಮಾಚುವದು ಶಾಸ್ತ್ರಮರ್ಯಾದೆಯಲ್ಲ. ಜೆರ್ರಿ ಫೋಡರ್, ಜೆನನ್ ಪಿಲಿಶಿನ್ ಎಂಬವರು 1981ರಲ್ಲಿ ಈ ಸಿದ್ಧಾಂತವನ್ನು ಬಲವಾಗಿ ಖಂಡಿಸಿದರು: ಯಾವದು ನೇರವಾಗಿ ಕಾಣುವದು, ಯಾವದು ಊಹೆಯಿಂದ ಬರುವದು ಎಂಬುದಕ್ಕೆ ಮೇರೆಯನ್ನು ಹಾಕದಿದ್ದರೆ ಎಲ್ಲವೂ ಪ್ರತ್ಯಕ್ಷವೇ ಎಂದಂತಾಗುವದು ಎಂಬುದು ಅವರ ಆಕ್ಷೇಪ. ಈ ಮಾತಿನಲ್ಲಿ ಹುರುಳುಂಟು. ಒಕ್ಕಲಿಗನು ಹದವನ್ನು ಕೈಯಲ್ಲಿ ಕಂಡರೂ, ಸುಗ್ಗಿಯಲ್ಲಿ ಜೋಳಕ್ಕೆ ಬರುವ ಧಾರಣೆಯನ್ನು ಮುಷ್ಟಿಯಲ್ಲಿ ಕಾಣಲಾರನು. ಅಲ್ಲಿ ಅನುಮಾನವೂ, ಬಲ್ಲವರ ಮಾತೂ ಬೇಕಾಗುವವು. ಪ್ರತ್ಯಕ್ಷವು ದೊಡ್ಡದು, ಆದರೆ ಅದೊಂದೇ ಪ್ರಮಾಣವಲ್ಲ.

ಶರಣರು ಈ ವಿದೇಶೀಯ ಶಾಸ್ತ್ರವನ್ನು ಮೊದಲೇ ಹೇಳಿದ್ದರೆಂದು ಹೆಮ್ಮೆಪಡುವದು ಯುಕ್ತವಲ್ಲ. ಶರಣರ ಗುರಿ ಲಿಂಗಾಂಗ ಸಾಮರಸ್ಯ. ಗಿಬ್ಸನ್ನರ ಗುರಿ ದೃಷ್ಟಿಯ ವಿವರಣೆ. ಆದಾಗ್ಯೂ ಎರಡು ದಾರಿಗಳು ಒಂದು ತಾಣದಲ್ಲಿ ಸಂಧಿಸುವವು. ಷಟ್‌ಸ್ಥಲಶಾಸ್ತ್ರವು ಇಂದ್ರಿಯಗಳನ್ನು ಶತ್ರುಗಳೆಂದು ಕೊಲ್ಲಲು ಹೇಳದೆ, ಗಂಧ ರಸ ರೂಪ ಸ್ಪರ್ಶ ಶಬ್ದಗಳನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಲು ಹೇಳುವದು. ಶಕ್ತಿವಿಶಿಷ್ಟಾದ್ವೈತದ ಆಚಾರ್ಯರು ಜಗತ್ತನ್ನು ಮಿಥ್ಯೆ ಎನ್ನದೆ ಶಿವಶಕ್ತಿಯ ವಿಕಾಸವೆಂದರು. ಅನುಭವದ ಗೋಷ್ಠಿಯಲ್ಲಿ ಹರಿಗೋಲಿನ ಅಂಬಿಗರ ಚೌಡಯ್ಯನೂ, ನೇಗಿಲಿನ ಒಕ್ಕಲಿಗ ಮುದ್ದಣ್ಣನೂ, ಬಿದಿರಿನ ಮೇದಾರ ಕೇತಯ್ಯನೂ ಸಮಾನರಾಗಿ ಮಾನ್ಯರಾದರು. ಕೈಯ ಅರಿವನ್ನು ಅರಿವೆಂದು ಮನ್ನಿಸಿದ್ದರಿಂದಲೇ ಇದು ಸಾಧ್ಯವಾಯಿತು.

ಈ ವಿಚಾರದಿಂದ ಆಗಬೇಕಾದ ಪ್ರಯೋಜನವೊಂದುಂಟು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಪೂರ್ಣಗೊಂಡು, ಕಾಲುವೆಗಳಿಂದ ಈ ಸೀಮೆಗೆ ನೀರು ಹರಿದು, ಜೋಳದ ಹೊಲಗಳು ಅನೇಕ ಕಡೆಗೆ ಭತ್ತದ ಗದ್ದೆಗಳಾದವು. ಅನ್ನವು ಹೆಚ್ಚಿತು, ಇದು ಶಿವಕೃಪೆ. ಆದರೆ ನೀರು ಕೈಯಳತೆಯಲ್ಲಿ ಸಿಕ್ಕಾಗ ಹದವನ್ನು ನೋಡುವ ಅಭ್ಯಾಸವು ಸಡಿಲುವದು. ಅತಿಯಾಗಿ ನಿಂತ ನೀರಿನಿಂದ ಎರಿಭೂಮಿಯು ಸವಳಾಗುವದು. ಇತ್ತ ತರುಣರು ದುಡಿಮೆಗಾಗಿ ದೂರದ ಪಟ್ಟಣಗಳಿಗೆ ಹೋಗುತ್ತಿರುವರು. ಗ್ರಂಥವನ್ನಾದರೆ ಕಟ್ಟಿಡಬಹುದು, ನಕಲು ಮಾಡಬಹುದು. ಹದದ ಅರಿವನ್ನು ಯಾವ ಕಪಾಟಿನಲ್ಲಿಡುವದು? ಅದು ಹೊಲದಲ್ಲಿ ತಂದೆಯ ಮುಷ್ಟಿಯಿಂದ ಮಗನ ಮುಷ್ಟಿಗೆ ದಾಟುವ ಮಣ್ಣಿನಲ್ಲಿ ಮಾತ್ರ ಬಾಳುವದು. ಒಂದು ತಲೆಮಾರು ಹೊಲದಲ್ಲಿ ನಡೆಯದೆ ಹೋದರೆ ಅದು ಕಡಿದುಹೋಗುವದು.

ಆದುದರಿಂದ ಸದ್ಭಕ್ತರು ತಮ್ಮ ಮಕ್ಕಳಿಗೆ ಪುಸ್ತಕವನ್ನು ತಪ್ಪದೆ ಕೊಡಲಿ. ಅದರ ಸಂಗಡ ಮಳೆ ಹೊಳವಾದ ದಿನ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಒಂದು ಹಿಡಿ ಮಣ್ಣನ್ನೂ ಕೊಡಲಿ. ಕೊಟ್ಟು, ತಾವೇ ಉತ್ತರ ಹೇಳದೆ, ಮಗುವಿನ ಬೆರಳು ಉತ್ತರವನ್ನು ಕಂಡುಕೊಳ್ಳುವ ತನಕ ತಾಳ್ಮೆಯಿಂದಿರಲಿ. ಕಾಯಕವು ಕೈಲಾಸವೆಂದು ನಂಬಿದವರಿಗೆ ಹೊಲವೂ ಪಾಠಶಾಲೆಯೇ ಸರಿ.



॥ ಮಂಗಳಮಸ್ತು ॥