ಬಾವಿಯ ಈಸು, ಕಡಲಿನ ಗಾಳಿ: ಪ್ಯಾಡಲ್ ಬೋರ್ಡ್ ಹತ್ತೋ ಮೊದಲು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಕೇಳ್ತಿರೋರಿಗೆ ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನಿಸಬಹುದು. ಪ್ಯಾಡಲ್ ಬೋರ್ಡಿಂಗ್. 10-11 ಅಡಿ ಉದ್ದದ ಬೋರ್ಡ್ ಮೇಲೆ ನಿಂತು, ಕೈಯಲ್ಲಿ ಉದ್ದನೆಯ ಹುಟ್ಟು ಹಿಡಿದು ನೀರಿನ ಮೇಲೆ ಸಾಗೋದು. ನಮ್ಮ ಜಿಲ್ಲೆಗೆ ಕಡಲೇ ಇಲ್ಲವಲ್ಲಪಾ ಅಂತೀರಿ. ಇಲ್ಲ, ಆದರೆ ವಿಜಯಪುರದಿಂದ ಮಂಗಳೂರಿಗೆ ರೈಲಿದೆ. ಒಂದು ರಾತ್ರಿ ಕಳೆದರೆ ಕರಾವಳಿ. 2024ರ ಮಾರ್ಚ್‌ನಲ್ಲಿ ಮಂಗಳೂರು ಹತ್ತಿರದ ಸಸಿಹಿತ್ಲು ಬೀಚ್‌ನಲ್ಲಿ ಇಂಡಿಯಾ ಪ್ಯಾಡಲ್ ಫೆಸ್ಟಿವಲ್ ಅಂತ ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆದಿದೆ. ರೀಲ್ಸ್ ನೋಡಿದ ನನ್ನ ಗೆಳೆಯರು ಈಗ ಟ್ರಿಪ್ ಪ್ಲ್ಯಾನ್‌ನಲ್ಲಿ ಇದನ್ನೂ ಸೇರಿಸ್ತಿದ್ದಾರೆ.

ಸುರಕ್ಷತೆಯ ಮಾತು ತೆಗೆದರೆ ಎಲ್ಲರದೂ ಒಂದೇ ಉತ್ತರ: "ಏ, ನಮಗ ಈಸಾಕ ಬರ್ತದ ಬಿಡೋ."

ಬರುತ್ತೆ, ಒಪ್ಪಿದೆ. ನಮ್ಮಲ್ಲಿ ಹೆಚ್ಚಿನವರು ಈಸು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಬುರುಡೆಯನ್ನೋ ಪ್ಲಾಸ್ಟಿಕ್ ಕ್ಯಾನನ್ನೋ ಕಟ್ಟಿ, ಕಾಕಾ ಹಿಂದಿನಿಂದ ದಬ್ಬಿದ್ದು. ಆದರೆ ಬಾವಿಗೆ ನಾಲ್ಕು ಗೋಡೆ ಇವೆ. ಎಷ್ಟೇ ದಣಿದರೂ ನಾಲ್ಕು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತೆ, ನೀರು ನಿಮ್ಮನ್ನು ಎಲ್ಲಿಗೂ ಒಯ್ಯೋದಿಲ್ಲ. ಕಡಲು ಒಯ್ಯುತ್ತೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದಲ್ಲಿ ಸಮುದ್ರದ ಪಾಲಾದರು. ಅವರು ಬೋರ್ಡ್ ಹತ್ತಿರಲಿಲ್ಲ, ನೀರಿಗೆ ಇಳಿದಿದ್ದರು ಅಷ್ಟೇ. ನಮ್ಮ ಹಾಗೇ ಬಯಲುಸೀಮೆಯ ಮಕ್ಕಳು.

ಬೋರ್ಡ್ ಮೇಲೆ ನಿಂತವರಿಗೆ ಅಲೆಗಿಂತ ದೊಡ್ಡ ಅಪಾಯ ಗಾಳಿ. ಯಾಕಂದ್ರೆ ನಿಂತ ಮನುಷ್ಯನೇ ಒಂದು ಹಾಯಿ ಇದ್ದ ಹಾಗೆ. ಕರಾವಳಿಯಲ್ಲಿ ಮಳೆಗಾಲ ಬಿಟ್ಟರೆ ಸಾಮಾನ್ಯವಾಗಿ ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿನ ಕಡೆ ಬೀಸುತ್ತೆ, ಮಧ್ಯಾಹ್ನದ ಹೊತ್ತಿಗೆ ತಿರುಗಿ ಕಡಲಿನಿಂದ ದಡಕ್ಕೆ ಬೀಸುತ್ತೆ. ಬೆಳಿಗ್ಗೆ ದಡದ ಹತ್ತಿರ ನೀರು ಗಾಜಿನ ಹಾಗೆ ಶಾಂತ ಇರುತ್ತೆ. ಹೊಸಬರಿಗೆ ಅದೇ ಸರಿಯಾದ ಹೊತ್ತು ಅಂತ ಎಲ್ಲರೂ ಹೇಳ್ತಾರೆ, ಅದು ನಿಜವೂ ಹೌದು. ಆದರೆ ಬೆನ್ನಿಗೆ ಬೀಳೋ ಅದೇ ಮೆಲ್ಲನೆಯ ಗಾಳಿ ನಿಮಗೆ ಗೊತ್ತಾಗದ ಹಾಗೆ ಒಳಗೆ ದಬ್ಬುತ್ತಿರುತ್ತೆ. "ಎಷ್ಟು ಸಲೀಸಾಗಿ ಹೊಂಟೀನಿ" ಅಂತ ಖುಷಿ ಪಟ್ಟು ತಿರುಗಿ ನೋಡಿದಾಗ ದಡದ ತೆಂಗಿನ ಮರ ಕಡ್ಡಿಯಷ್ಟು ಕಾಣುತ್ತೆ.

ನಮ್ಮ ಹಳಬರು ಜೋಳದ ರಾಶಿ ಮಾಡುವಾಗ ಗಾಳಿಯ ದಿಕ್ಕು ನೋಡದೆ ಮೊರ ಎತ್ತುತ್ತಿರಲಿಲ್ಲ. ಅದನ್ನೇ ಮಾಡಿ. ಒಂದು ಹಿಡಿ ಒಣ ಮರಳು ಮೇಲಿಂದ ಬಿಡಿ. ಅದು ಕಡಲಿನ ಕಡೆ ಹಾರಿದರೆ ಅವತ್ತು ತೆರೆದ ಸಮುದ್ರಕ್ಕೆ ಹೋಗಬೇಡಿ. ಗಾಳಿ ಬಂದಾಗ ತೂರಿಕೋ ಅನ್ನೋ ಗಾದೆ ಇಲ್ಲಿ ನಡೆಯೋದಿಲ್ಲ.

ಸಸಿಹಿತ್ಲಿನಲ್ಲಿ ಇನ್ನೊಂದು ವಿಷಯವಿದೆ. ನಂದಿನಿ, ಶಾಂಭವಿ ನದಿಗಳು ಕಡಲು ಸೇರೋ ಅಳಿವೆ ಅಲ್ಲೇ. ನದಿಯ ನೀರು ಶಾಂತ ಅಂತ ಹೊಸಬರು ಅಲ್ಲಿ ಕಲಿಯೋದು ಸರಿಯೇ. ಆದರೆ ಇಳಿತದ ಹೊತ್ತಿಗೆ ನದಿಯ ನೀರೆಲ್ಲ ಅಳಿವೆಯ ಕಡೆ ಎಳೆಯುತ್ತೆ. ಅದಕ್ಕೇ ಮೊದಲು ಗಾಳಿಗೆ, ಹರಿವಿಗೆ ಎದುರಾಗಿ ಹುಟ್ಟು ಹಾಕಿ. ಹೋಗುವಾಗ ದಣಿದರೂ ಬರುವಾಗ ನೀರೇ ಕರೆತರುತ್ತೆ. ಉಬ್ಬರ-ಇಳಿತದ ಸಮಯ ಫೋನಿನಲ್ಲೇ ಸಿಗುತ್ತೆ, ರೀಲ್ ನೋಡೋದರಲ್ಲಿ ಅರ್ಧ ನಿಮಿಷ ಉಳಿಸಿದರೆ ಸಾಕು.

ಸಿಕ್ಕಿಹಾಕಿಕೊಂಡರೆ? ಮೊದಲು ಕೂತುಬಿಡಿ. ಮಂಡಿಯೂರಿ, ಇಲ್ಲವೇ ಬೋರಲು ಮಲಗಿ, ಎರಡೂ ಕೈಯಿಂದ ನೀರು ತಳ್ಳಿ. ಗಾಳಿಗೆ ಸಿಗೋ ಮೈ ಕಡಿಮೆಯಾಗುತ್ತೆ. ಆಗಲೂ ದಡ ಹತ್ತಿರ ಬರ್ತಿಲ್ಲ ಅಂದ್ರೆ ಹುಟ್ಟನ್ನು ಎತ್ತಿ ಅತ್ತಿತ್ತ ಬೀಸುತ್ತಾ ಸಹಾಯ ಕೇಳಿ. ಬೋರ್ಡ್ ಬಿಟ್ಟು ಈಸಿ ದಡ ಸೇರ್ತೀನಿ ಅನ್ನೋದು ಮಾತ್ರ ಬೇಡ. ಬೋರ್ಡ್ ಮುಳುಗೋದಿಲ್ಲ, ನೀವು ಮುಳುಗ್ತೀರಿ. ದೂರದಿಂದ ಹುಡುಕುವವರಿಗೆ ಕಾಣೋದೂ ಬೋರ್ಡೇ, ನಿಮ್ಮ ತಲೆಯಲ್ಲ. ಕಾಲಿಗೆ ಕಟ್ಟೋ ಹಗ್ಗ, ಅಂದ್ರೆ ಲೀಶ್, ಇರೋದು ಇದಕ್ಕೇ. ಬಿದ್ದರೆ ಬೋರ್ಡ್ ಕೈತಪ್ಪಿ ಗಾಳಿಗೆ ಹಾರಿಹೋಗಬಾರದು. ಲೀಶ್, ಲೈಫ್ ಜಾಕೆಟ್ ಎರಡೂ ಕೊಡದೆ ಬೋರ್ಡ್ ಬಾಡಿಗೆಗೆ ಕೊಡೋರ ಹತ್ತಿರ ಚೌಕಾಸಿ ಮಾಡಬೇಡಿ, ಎದ್ದು ಬನ್ನಿ.

ಈಗ ನಮ್ಮೂರಿಗೆ ಬರೋಣ. ಗಾಳಿ ತುಂಬೋ ಬೋರ್ಡ್‌ಗಳು ಆನ್‌ಲೈನ್‌ನಲ್ಲಿ ಸಿಗ್ತಾವೆ, ಮಡಚಿ ಬ್ಯಾಗಿನಲ್ಲಿ ತರಬಹುದು. ಆಲಮಟ್ಟಿ ಹಿನ್ನೀರು, ಇಂಡಿ ಕಡೆಯ ಭೀಮೆ, ಇಲ್ಲವೇ ಕಾಲುವೆ, ಎಲ್ಲಾದರೂ ಇಳಿಸೋಣ ಅನಿಸಬಹುದು. ಇಲ್ಲಿ ನಿಯಮ ಉಲ್ಟಾ ಆಗುತ್ತೆ, ಗಮನ ಕೊಟ್ಟು ಕೇಳಿ. ಹರಿಯೋ ನೀರಿನಲ್ಲಿ ಕಾಲಿಗೆ ಕಟ್ಟಿದ ಲೀಶೇ ಯಮಪಾಶ. ಹಗ್ಗ ಜಾಲಿ ಗಿಡಕ್ಕೋ ಸೇತುವೆಯ ಕಂಬಕ್ಕೋ ಸಿಕ್ಕಿದರೆ ನೀರಿನ ರಭಸ ನಿಮ್ಮನ್ನು ಕೆಳಗೆ ಒತ್ತಿ ಹಿಡಿಯುತ್ತೆ, ಬಗ್ಗಿ ಕಾಲಿನ ಪಟ್ಟಿ ಬಿಚ್ಚೋಕೆ ಆಗೋದಿಲ್ಲ. ನದಿಯಲ್ಲಿ ಸೊಂಟಕ್ಕೆ ಕಟ್ಟೋ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಲೀಶ್ ಬೇಕು. ಕಾಲುವೆಯಂತೂ ಬೇಡವೇ ಬೇಡ. ಇಳಿಜಾರಾದ ಕಾಂಕ್ರೀಟ್ ಅಂಚಿಗೆ ಪಾಚಿ ಹಿಡಿದಿರುತ್ತೆ, ಹಿಡಿದು ಹತ್ತೋಕೆ ಏನೂ ಸಿಗೋದಿಲ್ಲ. ಮಳೆಗಾಲದಲ್ಲಿ ಇಂಡಿಯಲ್ಲಿ ಒಂದು ಹನಿ ಬೀಳದಿದ್ದರೂ ಮಹಾರಾಷ್ಟ್ರದ ಉಜನಿಯಿಂದ ನೀರು ಬಿಟ್ಟರೆ ಭೀಮೆ ಏರುತ್ತೆ. ಆಲಮಟ್ಟಿಯ ಗೇಟ್ ತೆಗೆದರೆ ಕೆಳಗಿನ ಕೃಷ್ಣೆಯದೂ ಅದೇ ಕಥೆ. ಡ್ಯಾಮಿನ ಹತ್ತಿರ, ನಿರ್ಬಂಧ ಇರೋ ಜಾಗದಲ್ಲಿ ಇಳಿಯೋ ಮಾತೇ ಇಲ್ಲ.

ಕರಾವಳಿ ಟ್ರಿಪ್ ಯಾವಾಗ ಅಂತ ಕೇಳ್ತಿದ್ದೀರಲ್ಲ, ಜೂನ್ 1ರಿಂದ ಜುಲೈ 31ರವರೆಗೆ ಅಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಆ ಕಡಲಿಗೆ ನೀವೂ ಹೋಗಬೇಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನೋಡಿ. ಫೋನನ್ನು ವಾಟರ್‌ಪ್ರೂಫ್ ಪೌಚ್‌ನಲ್ಲಿ ಹಾಕಿ ಕೊರಳಿಗೇ ನೇತುಹಾಕಿ, ಬೋರ್ಡ್ ಮೇಲಿನ ಬ್ಯಾಗಿನಲ್ಲಿ ಇಡಬೇಡಿ. 112 ತುರ್ತು ಸಹಾಯಕ್ಕೆ, 1554 ಕೋಸ್ಟ್ ಗಾರ್ಡ್‌ಗೆ. ಇವೆರಡನ್ನೂ ಈಗಲೇ ಸೇವ್ ಮಾಡಿಕೊಳ್ಳಿ, ಎಪಿಸೋಡ್ ಮುಗಿದೇಹೋಯ್ತು.