ಪಿಕಪ್ ನಂದು, ತಪ್ಪೂ ನಂದೇ

ಇವತ್ತು ರಾಜಕೀಯ ಇಲ್ಲ, ಯಾರನ್ನೂ ಪ್ರಶ್ನೆ ಮಾಡೋದಿಲ್ಲ. ಇವತ್ತು ಕಟಕಟೆಯಲ್ಲಿ ನಾನೇ ಇದ್ದೀನಿ.

ನನ್ನ ಊರು ಇಡಗುಂಜಿ ಪಕ್ಕದ ಒಂದು ಸಣ್ಣ ಹಳ್ಳಿ. ಹೊನ್ನಾವರ ತಾಲೂಕು. ಇಡಗುಂಜಿಯ ಗಣಪತಿಯನ್ನ ನೋಡಿದವರಿಗೆ ಗೊತ್ತು, ಎರಡೇ ಕೈ, ನಿಂತ ಮೂರ್ತಿ, ಕಾಲ ಬುಡದಲ್ಲಿ ಇಲಿ ಕೂಡ ಇಲ್ಲ. ಸ್ವತಃ ವಾಹನ ಇಲ್ಲದ ಆ ದೇವರ ಮುಂದೆ ಜನ ತಮ್ಮ ಹೊಸ ವಾಹನ ತಂದು ನಿಲ್ಲಿಸಿ ಪೂಜೆ ಮಾಡಿಸ್ತಾರೆ. ಎರಡು ವರ್ಷದ ಹಿಂದೆ ನಾನೂ ನಿಲ್ಲಿಸಿದ್ದೆ. ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಡೀಸೆಲ್ ಟರ್ಬೋ ಇರುವ ದೊಡ್ಡ ಪಿಕಪ್. ಕಂಪನಿ ಹೆಸರು ಬೇಡ, ಯಾಕಂದ್ರೆ ಮುಂದೆ ಆಗಿದ್ದರಲ್ಲಿ ಕಂಪನಿಯ ತಪ್ಪಿಲ್ಲ. ಚಕ್ರದ ಕೆಳಗೆ ನಿಂಬೆಹಣ್ಣು ಒಡೀತು. ಅಪ್ಪ ಗಾಡಿಯ ಹಿಂದಿನ ತೊಟ್ಟಿ ನೋಡಿ ಕೇಳಿದ್ದು ಒಂದೇ ಮಾತು: "ಇದರಲ್ಲಿ ಅಡಿಕೆ ಎಷ್ಟು ಚೀಲ ಹಿಡೀತು?"

ಅಡಿಕೆ ಚೀಲಕ್ಕಾಗಿ ನಾನು ಅದನ್ನ ತಗೊಂಡಿರಲಿಲ್ಲ ಅನ್ನೋದೇ ಸಮಸ್ಯೆ. ನಮ್ಮಲ್ಲಿ ಪಿಕಪ್ ಅಂದ್ರೆ ಮೊದಲೆಲ್ಲ ದುಡಿಯುವ ಗಾಡಿ, ಮೀನು, ಚಿರೆಕಲ್ಲು, ಗೊಬ್ಬರ ಹೊರೋದು. 2016ರಲ್ಲಿ ಇಸುಜು ವಿ-ಕ್ರಾಸ್ ಬಂತು, 2022ರಲ್ಲಿ ಟೊಯೋಟಾ ಹೈಲಕ್ಸ್ ಬಂತು. ಹೈಲಕ್ಸ್‌ನ 2.8 ಲೀಟರ್ ಎಂಜಿನ್ 204 ಕುದುರೆ ಶಕ್ತಿ, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತೆ. ಹಗಲೂ ರಾತ್ರಿ ಹೆದ್ದಾರಿಯಲ್ಲಿ ಮೀನು ಹೊರುವ ಬೊಲೆರೋ ಪಿಕಪ್‌ನದು ಸುಮಾರು 75 ಕುದುರೆ ಶಕ್ತಿ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಮೈಕ್ ಹಿಡಿದವನು. ಕಾಲೇಜಲ್ಲಿ ಬಿಟ್ಟುಬಂದ ಎಂಜಿನ್ ಆಸೆ ಒಳಗೆ ಹಾಗೇ ಇತ್ತು.

ಟರ್ಬೋ ಅಂದ್ರೇನು ಅಂತ ಸ್ವಲ್ಪ ಹೇಳ್ತೀನಿ, ಬೇಜಾರಾಗಬೇಡಿ. ಎಂಜಿನ್ ಉಗುಳುವ ಬಿಸಿ ಹೊಗೆ ಸುಮ್ಮನೆ ವ್ಯರ್ಥವಾಗುತ್ತಲ್ಲ, ಅದರಿಂದ ಒಂದು ಚಕ್ರ ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್‌ಗೆ ಹೆಚ್ಚು ಗಾಳಿ ತುಂಬೋದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಅನ್ನುವವನು ವಿಮಾನದ ಎಂಜಿನ್ನೊಂದನ್ನ 14,000 ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಹೊತ್ತೊಯ್ದು, ತೆಳು ಗಾಳಿಯಲ್ಲೂ ಟರ್ಬೋ ಇದ್ದರೆ ಎಂಜಿನ್ ಸೊರಗಲ್ಲ ಅಂತ ತೋರಿಸಿದ. ಆ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಹೆಚ್ಚು ತಿರುಗುತ್ತೆ. ಅದನ್ನ ಹಿಡಿದಿರೋದು ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಜೋರಾಗಿ ಓಡಿಸಿ ಬಂದು ತಕ್ಷಣ ಕೀಲಿ ತಿರುಗಿಸಿ ಆಫ್ ಮಾಡಿದ್ರೆ ಆಯಿಲ್ ಹರಿಯೋದು ನಿಲ್ಲುತ್ತೆ, ಒಳಗಿನ ಶಾಖ ನಿಲ್ಲೋದಿಲ್ಲ. ಎಣ್ಣೆ ಸೀದು ಬಾಣಲೆಯ ತಳದ ಕರಿಯ ಹಾಗೆ ಗಟ್ಟಿಯಾಗುತ್ತೆ. ಬೇರಿಂಗ್ ಸವೆಯೋದು ಅಲ್ಲಿಂದ ಶುರು.

ಇದೆಲ್ಲ ನನಗೆ ಪರೀಕ್ಷೆಗೆ ಬಂದಿತ್ತು. ಬರೆದು ಅಂಕ ತಗೊಂಡಿದ್ದೆ. ಆದರೂ ಒಂದು ದಿನ ಬೆಂಗಳೂರಿನ ಒಂದು ಗ್ಯಾರೇಜಿಗೆ ಹೋಗಿ ಗಾಡಿಯ ಇಸಿಯು ರೀಮ್ಯಾಪ್ ಮಾಡಿಸಿದೆ. ಎಂಜಿನ್ನನ್ನ ಆಳುವ ಕಂಪ್ಯೂಟರ್‌ಗೆ ಹೊಸ ಲೆಕ್ಕ ಹಾಕಿ ಹೆಚ್ಚು ಡೀಸೆಲ್, ಹೆಚ್ಚು ಗಾಳಿ ಕೊಡಿಸೋದು. ಲ್ಯಾಪ್‌ಟಾಪ್ ಚುಚ್ಚಿದರು, ಒಂದು ಗಂಟೆಯಲ್ಲಿ ಮುಗೀತು. "ಸರ್, ಯಾರಿಗೂ ಗೊತ್ತಾಗಲ್ಲ" ಅಂದರು. ಹೊರಗೆ ಬಂದು ಆಕ್ಸಿಲರೇಟರ್ ಒತ್ತಿದೆ. ನಿಜ ಹೇಳ್ತೀನಿ, ನಗು ತಡೆಯೋಕೆ ಆಗಲಿಲ್ಲ.

ಆ ವಾರವೇ ಇದೇ ಕುರ್ಚಿಯಲ್ಲಿ ಕೂತು, ಸೈಲೆನ್ಸರ್ ಬದಲಾಯಿಸಿದ ಹುಡುಗರನ್ನ ನಾನು ತರಾಟೆಗೆ ತಗೊಂಡಿದ್ದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿದ್ದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಉಲ್ಲೇಖಿಸಿದ್ದೆ. ಕಾರ್ಯಕ್ರಮ ಮುಗಿಸಿ ಕೆಳಗಿಳಿದು ಹತ್ತಿದ್ದು ಯಾವ ಗಾಡಿ? ಅದೇ.

ಈಗ ಆ ರಾತ್ರಿಗೆ ಬರ್ತೀನಿ. ಡಿಸೆಂಬರ್, ನಾನು ಊರಲ್ಲಿದ್ದೆ. ರಾತ್ರಿ ಹನ್ನೊಂದಕ್ಕೆ ಅಪ್ಪ ಎದೆ ಹಿಡ್ಕೊಂಡು ಜಗಲಿಯಲ್ಲಿ ಕೂತ್ರು. ಹೊನ್ನಾವರದಲ್ಲಿ ಇಸಿಜಿ ನೋಡಿದ ವೈದ್ಯರು ಮಾತ್ರೆ ಕೊಟ್ಟು "ಮಣಿಪಾಲಕ್ಕೆ ಹೋಗಿ, ತಡ ಮಾಡಬೇಡಿ" ಅಂದರು. ಉತ್ತರ ಕನ್ನಡದವರಿಗೆ ಈ ವಾಕ್ಯ ಬಾಯಿಪಾಠ. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. 2022ರ ಜುಲೈ 20ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನ ಒಯ್ಯುತ್ತಿದ್ದ ಆ್ಯಂಬುಲೆನ್ಸ್ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ಕು ಜನ ಸತ್ತರು. ಆ ವಿಡಿಯೋವನ್ನ ಚಾನೆಲ್‌ಗಳು ಮತ್ತೆ ಮತ್ತೆ ತೋರಿಸಿದ್ವು, ನಾವೂ ತೋರಿಸಿದ್ವಿ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಜನ ಬೀದಿಗಿಳಿದಿದ್ದನ್ನೂ ತೋರಿಸಿದ್ವಿ.

ಆ್ಯಂಬುಲೆನ್ಸ್ ಇನ್ನೊಂದು ರೋಗಿಯ ಜೊತೆ ಹೋಗಿತ್ತು. ನನ್ನ ಪಿಕಪ್ ಇದೆಯಲ್ಲ, ಇಂಥಾ ಹೊತ್ತಿಗೇ ಅಲ್ವಾ ಪವರ್ ಬೇಕಾಗೋದು ಅಂತ ಅಪ್ಪನನ್ನ ಮುಂದೆ ಕೂರಿಸಿಕೊಂಡು ಹೊರಟೆ. ಮುರ್ಡೇಶ್ವರ, ಭಟ್ಕಳ, ಶಿರೂರು ಟೋಲ್ ದಾಟಿದೆ. ಒತ್ತಿನೆಣೆ ಏರಿನಲ್ಲಿ ಜೋರಾಗಿ ಒತ್ತಿದೆ. 'ಫಟ್' ಅಂತ ಒಂದು ಶಬ್ದ, ಆಮೇಲೆ ಬುಸ್ ಅಂತ ಗಾಳಿ, ಹಿಂದೆ ಕಪ್ಪು ಹೊಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಗಾಡಿ ತೆವಳೋಕೆ ಶುರು ಮಾಡಿತು. ಪಕ್ಕಕ್ಕೆ ನಿಲ್ಲಿಸಿದೆ. ಬಾನೆಟ್ ಎತ್ತಿದೆ. ಕೈ ನಡುಗ್ತಾ ಇತ್ತು, ಏನೂ ಕಾಣಲಿಲ್ಲ.

ಹಿಂದೆ ಒಂದು ಮೀನಿನ ಪಿಕಪ್ ನಿಂತಿತು. ಬಂಗಡೆ ತುಂಬಿಕೊಂಡು ಮಂಗಳೂರಿಗೆ ಹೊರಟ ಗಾಡಿ, ಐಸಿನ ನೀರು ತೊಟ್ಟಿಕ್ತಾ ಇತ್ತು. ಡ್ರೈವರ್ ನಲವತ್ತು ದಾಟಿದವರು. ಟಾರ್ಚ್ ಹಿಡಿದು ಹತ್ತು ಸೆಕೆಂಡ್ ನೋಡಿ, "ಇಂಟರ್‌ಕೂಲರ್ ಪೈಪು ಕಳಚಿದೆ ಮಾರಾಯ್ರೆ, ಕಟ್ಟಿ ಕೊಡ್ತೆ. ಆದ್ರೆ ಏರಲ್ಲಿ ಮತ್ತೆ ಹೋಗ್ತದೆ" ಅಂದರು. ಆಮೇಲೆ ಟಾರ್ಚನ್ನ ಅಪ್ಪನ ಮುಖದ ಕಡೆ ತಿರುಗಿಸಿದರು. ಅಪ್ಪ ಬೆವರಿದ್ದರು. "ಪೈಪು ಇರ್ಲಿ. ಅವರನ್ನ ನನ್ನ ಗಾಡಿಗೆ ಹತ್ತಿಸಿ."

ನಮ್ಮದು ಮೀನು ಅನ್ನೋ ಶಬ್ದವನ್ನೂ ಊಟದ ಹೊತ್ತಲ್ಲಿ ಆಡದ ಮನೆ. ಅಪ್ಪ ಒಂದು ಮಾತಾಡದೆ ಹತ್ತಿ ಕೂತರು. ಕುಂದಾಪುರದಲ್ಲಿ ಆ್ಯಂಬುಲೆನ್ಸ್ ಸಿದ್ಧ ಇರುವ ಹಾಗೆ ಆ ಡ್ರೈವರ್ರೇ ಫೋನ್ ಮಾಡಿ ಹೇಳಿಸಿದರು. ಆ 75 ಕುದುರೆ ಗಾಡಿಯ ಹಿಂದೀಪ ನೋಡ್ತಾ ನಾನು ತೆವಳಿಕೊಂಡು ಹೋದೆ. ಬೈಂದೂರು ದಾಟುವಷ್ಟರಲ್ಲಿ ಅದೂ ಕಾಣದಾಯ್ತು. ನಾನು ಮಣಿಪಾಲ ಮುಟ್ಟುವಾಗ ಅಪ್ಪನಿಗೆ ಎರಡು ಸ್ಟೆಂಟ್ ಹಾಕಿ ಮುಗಿದಿತ್ತು.

ಮೂರನೇ ದಿನ ಕೇಳಿದೆ, ವಾಸನೆ ಬರಲಿಲ್ವಾ ಅಪ್ಪಾ ಅಂತ. "ಎದೆ ಬಿಗಿತಾ ಇತ್ತು ತಮಾ, ಮೂಗು ಎಲ್ಲಿತ್ತೋ ಗೊತ್ತಿಲ್ಲೆ" ಅಂದ್ರು.

ಪಿಕಪ್ ಬಿಚ್ಚಿದಾಗ ಲೆಕ್ಕ ಸಿಕ್ತು. ಕ್ಲಾಂಪ್ ತಾಳುವ ಒತ್ತಡಕ್ಕಿಂತ ಹೆಚ್ಚು ಗಾಳಿ ತುಂಬಿಸಿದ್ದೆ. ಪೈಪು ಮೊದಲೇ ಸ್ವಲ್ಪ ಸ್ವಲ್ಪ ಸೋರ್ತಾ ಇತ್ತು. ಸೋರಿದ ಗಾಳಿಯನ್ನ ತುಂಬಿಸೋಕೆ ಟರ್ಬೋ ಇನ್ನೂ ಜೋರಾಗಿ ತಿರುಗಿದೆ. ದಂಡ ಅಲುಗಾಡಿ ಚಕ್ರದ ರೆಕ್ಕೆಗಳು ಗೋಡೆಗೆ ಉಜ್ಜಿದ್ವು, ಇಂಟರ್‌ಕೂಲರ್ ತುಂಬ ಎಣ್ಣೆ. ಹೊಸ ಟರ್ಬೋ ನನ್ನ ಜೇಬಿನಿಂದ. ವಾರಂಟಿ ಕೇಳುವ ಮುಖ ನನಗಿರಲಿಲ್ಲ. ಹೇಳದೆ ಮಾರ್ಪಾಡು ಮಾಡಿದ ಗಾಡಿ ಅಪಘಾತಕ್ಕೆ ಸಿಕ್ಕಿದ್ರೆ ವಿಮೆಯವರೂ ಇದನ್ನೇ ಹಿಡಿದು ಕೂರ್ತಾರೆ, ಅದು ನೆನಪಿರಲಿ.

ಆ ಡ್ರೈವರ್‌ನ ಹುಡುಕಿಕೊಂಡು ಕಾಸರಕೋಡಿಗೆ ಹೋಗಿದ್ದೆ. ದುಡ್ಡು ಮುಟ್ಟಲಿಲ್ಲ. ಗಾಡಿ ತೋರಿಸಿದರು. ಮೂರು ಲಕ್ಷ ಕಿಲೋಮೀಟರ್ ಆಗಿದೆ, ಟರ್ಬೋ ಕಂಪನಿಯದೇ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಬೀಡಿ ಹಚ್ಚುವಷ್ಟು ಹೊತ್ತು ರೇಸ್ ಕೊಡೋದಿಲ್ಲ. ಗೇರುಸೊಪ್ಪೆ ಘಾಟಿ ಹತ್ತಿ ನಿಂತರೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡ್ತಾ ಇರುತ್ತೆ. ಬೇಸಿಗೆಯಲ್ಲಿ ಚಿರೆಕಲ್ಲಿನ ಕೆಂಪು ಧೂಳು, ಆದ್ದರಿಂದ ಏರ್ ಫಿಲ್ಟರ್ ವಾರಕ್ಕೊಮ್ಮೆ ಬಿಚ್ಚಿ ನೋಡ್ತಾರೆ. ಮೀನಿಳಿಸಿದ ಮೇಲೆ ತೊಟ್ಟಿಗೂ ಚಾಸಿಗೂ ಸಿಹಿನೀರು, ಉಪ್ಪು ನಿಂತರೆ ಕಬ್ಬಿಣ ಉಳಿಯೋದಿಲ್ಲ. ಸಿಳ್ಳೆಯ ಧ್ವನಿ ಬದಲಾದರೆ ಮೊದಲು ಪೈಪುಗಳನ್ನ ಕೈಯಿಂದ ಅಲುಗಾಡಿಸಿ ನೋಡ್ತಾರೆ. ನನ್ನ ಗಾಡಿಯೂ ಎರಡು ವಾರ ಮುಂಚಿನಿಂದ ಸಿಳ್ಳೆ ಹಾಕ್ತಾ ಇತ್ತು. ನಾನದನ್ನ ಟರ್ಬೋ ಹಾಡ್ತಾ ಇದೆ ಅಂದ್ಕೊಂಡು ಗೆಳೆಯರಿಗೆ ರೆಕಾರ್ಡ್ ಮಾಡಿ ಕಳಿಸಿದ್ದೆ!

ಈಗ ಕಂಪನಿಯ ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿಸಿದ್ದೀನಿ. ಕಳೆದ ಸೀಸನ್‌ನಲ್ಲಿ ಅಡಿಕೆ ಚೀಲ ಹೇರಿದ್ವಿ, ಎಷ್ಟು ಹಿಡಿಯುತ್ತೆ ಅಂತ ಅಪ್ಪನೇ ನಿಂತು ಎಣಿಸಿದರು. ಆರು ತಿಂಗಳಿಗೊಮ್ಮೆ ತಪಾಸಣೆ ಇದೆ, ಅದೂ ಮಣಿಪಾಲದಲ್ಲೇ, ಅದೇ ನೂರು ಚಿಲ್ಲರೆ ಕಿಲೋಮೀಟರ್. ಮುಂದಿನ ಸೋಮವಾರ ಬೆಳಗಿನ ನಾಲ್ಕಕ್ಕೆ ಹೊರಡಬೇಕು, ಆ ದಿನ ಈ ಕುರ್ಚಿಯಲ್ಲಿ ನಾನಿರೋದಿಲ್ಲ.