ಮೋಟಾರು ಸೈಕಲ್ಲಿನ ಲೆಕ್ಕಾಚಾರ



ಹೊಸ ಮೋಟಾರು ಸೈಕಲ್ಲೊಂದು ಬೀದಿಗೆ ಬಂದರೆ ಅದರ ಸುತ್ತ ಹುಡುಗರು ನೆರೆಯುತ್ತಾರೆ. ನೆರೆದವರು ಕೇಳುವ ಪ್ರಶ್ನೆಗಳು ಮೂರು: ಎಷ್ಟು ಸಿ.ಸಿ.? ಎಷ್ಟು ಹಾರ್ಸ್‌ಪವರ್? ಎಷ್ಟು ಸ್ಪೀಡು ಹೋಗುತ್ತೆ? ಇವುಗಳ ಜೊತೆಗೆ ಕೇಳಬೇಕಾದ ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಅದು ಯಾವುದೆಂಬುದನ್ನು ಕ್ರಮವಾಗಿ ತಿಳಿಸುತ್ತೇನೆ.

ಶಾಲೆಯಲ್ಲಿ ಕನ್ನಡ ಪಾಠ ಹೇಳುವವನಿಗೆ ಯಂತ್ರದ ಮಾತೇಕೆ ಎಂದು ನೀವು ಕೇಳಬಹುದು. ಗಣಿತವು ಕನ್ನಡಕ್ಕೆ ಹೊರಗಿನ ವಿಷಯವೇನೂ ಅಲ್ಲ. ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ನಮ್ಮ ಭಾಷೆಯಲ್ಲಿ ಬರೆದಿದ್ದಾನೆ. ಹಳೆಯ ಗಣಿತದಲ್ಲಿ ತ್ರೈರಾಶಿಕ ಎಂಬ ಲೆಕ್ಕ ಬಹು ಮುಖ್ಯವಾದುದು. ಒಂದು ಸೇರಿಗೆ ಇಷ್ಟು ಬೆಲೆಯಾದರೆ ಎರಡು ಸೇರಿಗೆ ಅದರ ಎರಡರಷ್ಟು. ಇದೇ ಅದರ ತಿರುಳು. ಅಂಗಡಿಯಲ್ಲಿ ಈ ಲೆಕ್ಕ ಸಲ್ಲುತ್ತದೆ. ಆದರೆ ವೇಗದ ವಿಷಯದಲ್ಲಿ ಸಲ್ಲುವುದಿಲ್ಲ. ಏಕೆ ಸಲ್ಲುವುದಿಲ್ಲವೆಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಮೊದಲನೆಯ ಪ್ರಶ್ನೆ ಸಿ.ಸಿ.ಯದು. ಸಿ.ಸಿ. ಎಂದರೆ ಘನ ಸೆಂಟಿಮೀಟರು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಸರಿದಾಗ ಎಷ್ಟು ಜಾಗ ತೆರವಾಗುವುದೋ ಅದರ ಅಳತೆ ಇದು. ಉದಾಹರಣೆಗೆ ಜಾವಾ ಗಾಡಿಯನ್ನು ತೆಗೆದುಕೊಳ್ಳೋಣ. ಈ ಹೆಸರು ಜಾವಾ ದ್ವೀಪದಿಂದ ಬಂದುದಲ್ಲ. ಚೆಕ್ ದೇಶದ ಯಾನೆಚೆಕ್ ಎಂಬವರ ಹೆಸರಿನ ಮೊದಲ ಅಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಮೊದಲ ಅಕ್ಷರಗಳೂ ಕೂಡಿ ಆದದ್ದು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಕಾರ್ಖಾನೆಯಲ್ಲಿ ಈ ಗಾಡಿಗಳು, ಅನಂತರ ಯೆಜ್ಡಿ ಗಾಡಿಗಳು, 1996ರವರೆಗೆ ತಯಾರಾದವು. ಹಳೆಯ ಜಾವಾದ ಸಿಲಿಂಡರಿನ ವ್ಯಾಸ 65 ಮಿಲಿಮೀಟರು. ಪಿಸ್ಟನ್ನು ಸರಿಯುವ ದೂರ 75 ಮಿಲಿಮೀಟರು. ವ್ಯಾಸದ ಅರ್ಧವಾದ 3.25 ಸೆಂಟಿಮೀಟರನ್ನು ವರ್ಗ ಮಾಡಿ 3.14ರಿಂದ ಗುಣಿಸಿದರೆ ಸುಮಾರು 33.2. ಅದನ್ನು 7.5ರಿಂದ ಗುಣಿಸಿದರೆ 249. ಬಾಯಿಮಾತಿನಲ್ಲಿ ಇದನ್ನೇ 250 ಸಿ.ಸಿ. ಎನ್ನುತ್ತಾರೆ. ಇದು ಒಲೆಯ ಗಾತ್ರವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ನಿಮಿಷಕ್ಕೆ ಎಷ್ಟು ಸೌದೆ ಉರಿಯುತ್ತದೆಂಬುದನ್ನು ಹೇಳುವುದಿಲ್ಲ. ಆದುದರಿಂದಲೇ ಒಂದೇ ಸಿ.ಸಿ.ಯ ಎರಡು ಗಾಡಿಗಳು ಒಂದೇ ಸಮನಾಗಿ ಓಡಬೇಕೆಂಬ ನಿಯಮವಿಲ್ಲ.

ಎರಡನೆಯದು ಹಾರ್ಸ್‌ಪವರ್. ನಾವು ಇದನ್ನು ಅಶ್ವಶಕ್ತಿ ಎಂದು ಕರೆದಿದ್ದೇವೆ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್, ಕುದುರೆಗಳಿಂದ ಕೆಲಸ ಮಾಡಿಸುತ್ತಿದ್ದ ಜನಕ್ಕೆ ತನ್ನ ಯಂತ್ರದ ಯೋಗ್ಯತೆ ತಿಳಿಯಲೆಂದು ಈ ಅಳತೆಯನ್ನು ಬಳಕೆಗೆ ತಂದನು. ಸುಮಾರಾಗಿ ಹೇಳುವುದಾದರೆ, 75 ಕಿಲೋಗ್ರಾಂ ತೂಕದ ಮೂಟೆಯನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಮೇಲಕ್ಕೆ ಎತ್ತುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಬಲ, ಸಾಮರ್ಥ್ಯ ಎಂಬ ಎರಡು ಮಾತುಗಳನ್ನು ನಾವು ದಿನಬಳಕೆಯಲ್ಲಿ ಒಂದಕ್ಕೊಂದು ಬದಲಾಗಿ ಆಡುತ್ತೇವೆ. ವಿಜ್ಞಾನದಲ್ಲಿ ಅವು ಬೇರೆ ಬೇರೆ. ತಳ್ಳುವುದು, ಎಳೆಯುವುದು, ತಿರುಚುವುದು ಬಲ. ಆ ಬಲವನ್ನು ವೇಗದಿಂದ ಗುಣಿಸಿದರೆ ಬರುವುದು ಸಾಮರ್ಥ್ಯ.

ಗೇರುಗಳ ರಹಸ್ಯವೂ ಇಲ್ಲಿಯೇ ಇದೆ. ಬಂಡೆಯನ್ನು ಕದಲಿಸಬೇಕಾದಾಗ ಹಾರೆಯಿಂದ ಮೀಟುತ್ತೇವೆ. ನಮ್ಮ ಕೈ ಒಂದು ಮೊಳ ಇಳಿದರೆ ಬಂಡೆ ಎರಡು ಬೆರಳು ಏಳುತ್ತದೆ. ದೂರದಲ್ಲಿ ಕಳೆದುಕೊಂಡುದನ್ನು ಬಲದಲ್ಲಿ ಪಡೆಯುತ್ತೇವೆ. ಮೊದಲನೆಯ ಗೇರಿನಲ್ಲಿಯೂ ಹೀಗೆಯೇ: ಎಂಜಿನ್ನು ಹಲವು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ, ನಿಧಾನವಾಗಿ, ಆದರೆ ಹೆಚ್ಚು ಬಲದಿಂದ. ಗೇರು ಸಾಮರ್ಥ್ಯವನ್ನು ಹುಟ್ಟಿಸುವುದಿಲ್ಲ. ಇರುವ ಸಾಮರ್ಥ್ಯವನ್ನು ಬಲಕ್ಕೋ ವೇಗಕ್ಕೋ ಬೇಕಾದಂತೆ ಹಂಚಿಕೊಡುತ್ತದೆ.

ಇನ್ನು ಮೂರನೆಯ ಪ್ರಶ್ನೆ, ವೇಗದ್ದು. ಸಮತಲದ ರಸ್ತೆಯಲ್ಲಿ ಒಂದೇ ವೇಗದಿಂದ ಓಡುವ ಗಾಡಿಗೆ ಮುಖ್ಯವಾದ ತಡೆಗಳು ಎರಡು. ಚಕ್ರದ ರಬ್ಬರು ನೆಲಕ್ಕೊತ್ತಿ ನಲುಗುವುದರಿಂದ ಬರುವ ತಡೆ ಒಂದು, ಎದುರುಗಾಳಿಯದು ಇನ್ನೊಂದು. ಲೆಕ್ಕಕ್ಕಾಗಿ, ಸವಾರನೂ ಗಾಡಿಯೂ ಸೇರಿ 200 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಚಕ್ರದ ತಡೆ ಸುಮಾರು 4 ಕಿಲೋಗ್ರಾಂ ತೂಕದಷ್ಟಿದ್ದು, ವೇಗದೊಡನೆ ಹೆಚ್ಚು ಬದಲಾಗದು. ಗಾಳಿಯ ತಡೆಯಾದರೋ ವೇಗದ ವರ್ಗದಂತೆ ಏರುತ್ತದೆ. ನೆಟ್ಟಗೆ ಕುಳಿತ ಸವಾರನಿಗೆ ಗಂಟೆಗೆ 36 ಕಿಲೋಮೀಟರು ವೇಗದಲ್ಲಿ, ಎಂದರೆ ಸೆಕೆಂಡಿಗೆ 10 ಮೀಟರಿನಲ್ಲಿ, ಅದು 3.7 ಕಿಲೋಗ್ರಾಂ ತೂಕದಷ್ಟೆನ್ನೋಣ. ವೇಗ ಇಮ್ಮಡಿಯಾಗಿ 72 ಆದರೆ ಈ ತಡೆ ನಾಲ್ಕು ಪಟ್ಟಾಗಿ ಸುಮಾರು 15. ವೇಗ ಮೂರು ಪಟ್ಟಾಗಿ 108 ಆದರೆ ಒಂಬತ್ತು ಪಟ್ಟಾಗಿ 33.

ಈಗ ಎರಡು ತಡೆಗಳನ್ನೂ ಕೂಡಿಸಿ, ಸೆಕೆಂಡಿಗೆ ಕ್ರಮಿಸುವ ಮೀಟರುಗಳಿಂದ ಗುಣಿಸಿ, 75ರಿಂದ ಭಾಗಿಸಿರಿ. 36 ಕಿಲೋಮೀಟರಿಗೆ ಬೇಕಾದುದು ಸುಮಾರು ಒಂದು ಅಶ್ವಶಕ್ತಿ. 72ಕ್ಕೆ ಎರಡಲ್ಲ, ಐದು. 108ಕ್ಕೆ ಮೂರಲ್ಲ, ಹೆಚ್ಚುಕಡಮೆ ಹದಿನೈದು. ಗಾಳಿಯ ತಡೆ ವೇಗದ ವರ್ಗದಂತೆ ಏರಿದರೆ, ಆ ತಡೆಯನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನದಂತೆ ಏರುತ್ತದೆ. 12 ಅಶ್ವಶಕ್ತಿಯ ಹಳೆಯ ಜಾವಾ ಗಂಟೆಗೆ 100 ಕಿಲೋಮೀಟರಿನ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿದ್ದುದು ಈ ಕಾರಣದಿಂದ. ಅದೇ ಆಕಾರದ ಗಾಡಿ 200 ಕಿಲೋಮೀಟರು ಓಡಬೇಕಾದರೆ 24 ಅಶ್ವಶಕ್ತಿ ಸಾಲದು; 80ಕ್ಕೂ ಮೇಲೆ ಬೇಕು. ಪಂದ್ಯದ ಸವಾರರು ಬೆನ್ನು ಬಾಗಿಸಿ ಪೆಟ್ರೋಲು ಟ್ಯಾಂಕಿನ ಮೇಲೆ ಎದೆಯೊರಗಿಸಿಕೊಳ್ಳುವುದು ಗಾಳಿಗೆ ತಮ್ಮ ಮೈಯನ್ನು ಕಿರಿದು ಮಾಡಿಕೊಳ್ಳುವುದಕ್ಕಾಗಿ. ಪೆಟ್ರೋಲಿನ ಖರ್ಚನ್ನು ಕುರಿತು ಚಿಂತಿಸುವ ಗೃಹಸ್ಥರಿಗೂ ಇಲ್ಲಿ ಒಂದು ಪಾಠವಿದೆ: ಹೆದ್ದಾರಿಯಲ್ಲಿ ವೇಗವನ್ನು ಸ್ವಲ್ಪ ತಗ್ಗಿಸಿದರೂ ಉಳಿತಾಯ ಸ್ವಲ್ಪವಲ್ಲ.

ಏರುದಾರಿಯ ಲೆಕ್ಕ ಇದಕ್ಕಿಂತ ಸರಳ. ಚಾಮುಂಡಿಬೆಟ್ಟದಂಥ ದಾರಿಯಲ್ಲಿ ಹತ್ತು ಮಾರು ಸಾಗುವಾಗ ಒಂದು ಮಾರು ಏರುವ ಭಾಗವೊಂದಿದೆಯೆಂದುಕೊಳ್ಳಿ. 200 ಕಿಲೋಗ್ರಾಮಿನ ಹತ್ತನೆಯ ಒಂದು ಪಾಲು, ಎಂದರೆ 20 ಕಿಲೋಗ್ರಾಂ, ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. 36 ಕಿಲೋಮೀಟರು ವೇಗಕ್ಕೆ ಬಯಲಿನಲ್ಲಿ ಒಂದು ಅಶ್ವಶಕ್ತಿ ಸಾಕಾಗಿದ್ದರೆ ಇಲ್ಲಿ ನಾಲ್ಕರ ಹತ್ತಿರ ಬೇಕು. ಹಿಂದೆ ಇನ್ನೊಬ್ಬರು ಕುಳಿತರೆ ಇನ್ನೂ ಹೆಚ್ಚು. ಇದು ಮಾತ್ರ ತೂಕಕ್ಕೆ ತಕ್ಕಂತೆ ನೇರವಾಗಿ ಏರುವುದರಿಂದ ತ್ರೈರಾಶಿಕದ ಅಧೀನ.

ಈಗ ಯಾರೂ ಕೇಳದ ನಾಲ್ಕನೆಯ ಪ್ರಶ್ನೆಗೆ ಬರುತ್ತೇನೆ. ಈ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ?

ಅಪಾಯವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕೈಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯುವುದೆಂದು ಇಟ್ಟುಕೊಳ್ಳೋಣ. ಆ ಒಂದು ಸೆಕೆಂಡು ಗಾಡಿ ತನ್ನ ಪೂರ್ಣ ವೇಗದಲ್ಲಿಯೇ ಓಡುತ್ತಿರುತ್ತದೆ. ಬ್ರೇಕು ಹಿಡಿದ ಮೇಲೆ, ಒಣಗಿದ ಒಳ್ಳೆಯ ರಸ್ತೆಯಲ್ಲಿ, ಸೆಕೆಂಡಿಗೆ 5 ಮೀಟರಿನ ಪ್ರಮಾಣದಲ್ಲಿ ಪ್ರತಿ ಸೆಕೆಂಡಿಗೂ ವೇಗ ಇಳಿಯಲಿ. ಗಂಟೆಗೆ 36 ಕಿಲೋಮೀಟರಿನ ಸವಾರನು ಬ್ರೇಕಿಗೆ ಮುಂಚೆ 10 ಮೀಟರು, ಬ್ರೇಕು ಹಿಡಿದ ಮೇಲೆ 10 ಮೀಟರು, ಒಟ್ಟು 20 ಮೀಟರು ಸಾಗಿ ನಿಲ್ಲುತ್ತಾನೆ. 72ರ ಸವಾರನು ಮೊದಲು 20, ಆಮೇಲೆ 40, ಒಟ್ಟು 60 ಮೀಟರು. 108ರ ಸವಾರನು 30ರ ಮೇಲೆ 90, ಒಟ್ಟು 120 ಮೀಟರು. ಬ್ರೇಕಿನ ದೂರವೂ ವೇಗದ ವರ್ಗದಂತೆಯೇ ಬೆಳೆಯುತ್ತದೆ. ಮಳೆ ಬಿದ್ದು ರಸ್ತೆ ನೆನೆದಿದ್ದರೆ, ಮರಳು ಹರಡಿದ್ದರೆ, ಈ ದೂರಗಳು ಇನ್ನೂ ಉದ್ದವಾಗುತ್ತವೆ.

ಈ ಅಂಕಿಗಳನ್ನು ಬೀದಿಯಲ್ಲಿಟ್ಟು ನೋಡಿರಿ. ಸವಾರನಿಗೆ 20 ಮೀಟರಿಗಿಂತ ಒಂದು ಹೆಜ್ಜೆ ಆಚೆ, ಚೆಂಡಿನ ಹಿಂದೆ ಓಡಿಬಂದ ಮಗುವೊಂದು ರಸ್ತೆಗೆ ಇಳಿಯಿತೆನ್ನಿ. 36ರ ವೇಗದವನು ಮಗುವಿನ ಮುಂದೆ ಬಂದು ನಿಂತು, ಅದನ್ನು ಗದರಿಸಿ ಮುಂದೆ ಹೋಗುತ್ತಾನೆ. 72ರ ವೇಗದವನಿಗೆ ಅದೇ ಜಾಗಕ್ಕೆ ಬರುವ ಹೊತ್ತಿಗೆ ಬ್ರೇಕು ಆಗತಾನೆ ಹಿಡಿಯಲು ತೊಡಗಿರುತ್ತದೆ. ವೇಗ ಬಹುಮಟ್ಟಿಗೆ 72 ಆಗಿಯೇ ಉಳಿದಿರುತ್ತದೆ. ಇಮ್ಮಡಿ ವೇಗಕ್ಕೆ ಇಮ್ಮಡಿ ಪೆಟ್ಟು ಎಂದು ತ್ರೈರಾಶಿಕದಿಂದ ಎಣಿಸುವವನು ಇಲ್ಲಿ ಮೋಸಹೋಗುತ್ತಾನೆ. ಒಬ್ಬನ ಕೈಯಲ್ಲಿ ಪೆಟ್ಟೇ ಇಲ್ಲ. ಇನ್ನೊಬ್ಬನ ಕೈಯಲ್ಲಿ ಜೀವವೇ ಉಳಿಯುವುದು ಕಷ್ಟ.

ಸವಾರನ ಪಾಡೇನು? ಎತ್ತರದಿಂದ ಬೀಳುವ ವಸ್ತುವಿನ ವೇಗಕ್ಕೂ ಎತ್ತರಕ್ಕೂ ಇರುವುದು ಇದೇ ವರ್ಗದ ಸಂಬಂಧ. ಸುಮಾರು 5 ಮೀಟರು ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ 36 ಕಿಲೋಮೀಟರು ವೇಗದಲ್ಲಿರುತ್ತಾನೆ. 72ರ ವೇಗಕ್ಕೆ 20 ಮೀಟರು, ಎತ್ತರವಾದ ತೆಂಗಿನಮರದ ತುದಿಯಿಂದ ಬೀಳಬೇಕು. 108ಕ್ಕೆ 46 ಮೀಟರು. ವಿಜಾಪುರದ ಗೋಳಗುಮ್ಮಟದ ಎತ್ತರಕ್ಕೆ ಇದು ಸ್ವಲ್ಪವೇ ಕಡಮೆ. ಮರದ ತುದಿಯಲ್ಲಿ ನಿಂತವನಿಗೆ ಎತ್ತರ ಕಂಡು ತಾನಾಗಿಯೇ ಭಯ ಹುಟ್ಟುತ್ತದೆ. ಗಾಡಿಯ ಮೇಲೆ ಕುಳಿತವನಿಗೆ ನೆಲ ಕಾಲಿನ ಹತ್ತಿರವೇ ಕಾಣುವುದರಿಂದ ಆ ಭಯ ಹುಟ್ಟುವುದಿಲ್ಲ. ಕಣ್ಣಿಗೆ ಕಾಣದ ಆ ಎತ್ತರವನ್ನು ಲೆಕ್ಕದಿಂದಲೇ ಕಾಣಬೇಕು.

1988ರ ಮೋಟಾರು ವಾಹನಗಳ ಕಾನೂನು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿರುವುದೂ, ಹದಿನೆಂಟು ತುಂಬದವರಿಗೆ ಇಂಥ ಗಾಡಿಗಳನ್ನು ನಿಷೇಧಿಸಿರುವುದೂ ಬರಿಯ ದಂಡ ವಸೂಲಿಗಾಗಿ ಅಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತಂದರೆ ಬೈಕು ಕೊಡಿಸುತ್ತೇನೆಂದು ಮಕ್ಕಳಿಗೆ ಮಾತು ಕೊಡುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ವಯಸ್ಸು ಬಂದು, ಲೈಸೆನ್ಸು ಬಂದ ಮೇಲೆ ಕೊಡಿಸಿರಿ. ಕೊಡಿಸುವ ಮುನ್ನ ಮಗನನ್ನೋ ಮಗಳನ್ನೋ ಎದುರಿಗೆ ಕೂರಿಸಿಕೊಂಡು, ಒಂದು ಕಾಗದದ ಮೇಲೆ 20, 60, 120 ಎಂಬ ಮೂರು ಅಂಕಿಗಳು ಹೇಗೆ ಬಂದುವೆಂಬುದನ್ನು ಅವರ ಕೈಯಿಂದಲೇ ಬರೆಯಿಸಿರಿ. ಹೈಸ್ಕೂಲಿನ ಗಣಿತ ಅದಕ್ಕೆ ಧಾರಾಳವಾಗಿ ಸಾಕು. ಆ ಮೇಲೆ ಬೀಗದ ಕೈ ಕೊಡಬಹುದು.